ಸಿರೋಸಿಸ್ ಇದ್ದವರಲ್ಲಿ ಲಿವರ್ ಕ್ಯಾನ್ಸರ್ ಯಾರಿಗೆ ಬರಬಹುದು? ಮೊದಲೇ ಹೇಳುವ ಲೆಕ್ಕಗಳು ಮತ್ತು ನಮ್ಮ ಪರಿಸ್ಥಿತಿ

ಲಿವರ್ ಸಿರೋಸಿಸ್ ಎಂದು ಗೊತ್ತಾದ ಮೇಲೆ ಮನೆಯವರು ಡಾಕ್ಟರ್ ಹತ್ತಿರ ಕೇಳುವ ಪ್ರಶ್ನೆಗಳಲ್ಲಿ ಒಂದಂತೂ ಇದ್ದೇ ಇರುತ್ತದೆ: ‘ಇದು ಮುಂದೆ ಕ್ಯಾನ್ಸರ್ ಆಗುತ್ತಾ?’ ಇಷ್ಟು ವರ್ಷ ಇದಕ್ಕೆ ಸಿಗುತ್ತಿದ್ದ ಉತ್ತರ ಹೆಚ್ಚು ಕಡಿಮೆ ಒಂದೇ. ಆಗಬಹುದು, ಆಗದೆಯೂ ಇರಬಹುದು, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿ. ಉತ್ತರ ತಪ್ಪೇನಲ್ಲ. ಆದರೆ 42 ವರ್ಷದ ಹೆಂಗಸಿಗೂ ಅದೇ ಮಾತು, ಸಕ್ಕರೆ ಕಾಯಿಲೆಯೂ ಇರುವ 65 ವರ್ಷದ ಗಂಡಸಿಗೂ ಅದೇ ಮಾತು. ಇಬ್ಬರ ಅಪಾಯ ಒಂದೇ ಅಲ್ಲ ಅಂತ ಹೇಳುವ ಡಾಕ್ಟರಿಗೂ ಗೊತ್ತಿರುತ್ತದೆ.

ಈ ವ್ಯತ್ಯಾಸವನ್ನು ಅಂಕಿಯಲ್ಲಿ ಹಿಡಿಯುವ ಪ್ರಯತ್ನ ಈಗ ಸಾಕಷ್ಟು ಮುಂದೆ ಬಂದಿದೆ. ಚೀನಾ, ಕೊರಿಯಾ, ಗ್ರೀಸ್, ಕೆನಡಾ, ಅಮೆರಿಕದ ತಂಡಗಳು ಒಂದೊಂದು ಲೆಕ್ಕ ಕೊಟ್ಟಿವೆ. ಕೆಲವು ಲೆಕ್ಕಗಳಿಗೆ ಸಾಮಾನ್ಯ ರಕ್ತಪರೀಕ್ಷೆ ಸಾಕು. ಕೆಲವಕ್ಕೆ ಜೀನ್ ಪರೀಕ್ಷೆ ಬೇಕು. ಕೆಲವು ಕಂಪ್ಯೂಟರ್ ಕಲಿಕೆಯ ಮೇಲೆ ನಿಂತಿವೆ. ಇವನ್ನೆಲ್ಲ ನೋಡಿದ ಮೇಲೆ ನನಗೆ ಅನ್ನಿಸುವುದು ಇಷ್ಟು. ಅಪಾಯ ಜಾಸ್ತಿ ಇರುವವರಿಗೆ ಇನ್ನೂ ಒಳ್ಳೆಯ ತಪಾಸಣೆ ಕೊಡಲು ಈ ಲೆಕ್ಕಗಳನ್ನು ಇವತ್ತೇ ಬಳಸಬಹುದು. ಅಪಾಯ ಕಡಿಮೆ ಎಂದು ಬಂದವರಿಂದ ಈಗಿರುವ ಸ್ಕ್ಯಾನನ್ನು ಕಿತ್ತುಕೊಳ್ಳುವಷ್ಟು ನಂಬಿಕೆ ಮಾತ್ರ ಇನ್ನೂ ಹುಟ್ಟಿಲ್ಲ. ನಮ್ಮಂಥ ಕಡೆ ಹೆಚ್ಚು ಕೆಲಸಕ್ಕೆ ಬರುವುದು ಅತಿ ಅಗ್ಗದ ಲೆಕ್ಕವೇ.

ಸಿರೋಸಿಸ್‌ಗೂ ಕ್ಯಾನ್ಸರ್‌ಗೂ ಏನು ನಂಟು

ಲಿವರ್‌ಗೆ ಪೆಟ್ಟಾದರೆ ಅದು ತಾನೇ ಬೆಳೆದು ಸರಿಮಾಡಿಕೊಳ್ಳುತ್ತದೆ. ಆದರೆ ಪೆಟ್ಟು ವರ್ಷಗಟ್ಟಲೆ ಬೀಳುತ್ತಲೇ ಇದ್ದರೆ? ಮದ್ಯವಿರಲಿ, ಹೆಪಟೈಟಿಸ್ ಬಿ ಅಥವಾ ಸಿ ವೈರಸ್ ಇರಲಿ, ಲಿವರ್‌ನಲ್ಲಿ ಕೂತ ಕೊಬ್ಬಿರಲಿ, ಕೊನೆಗೆ ಆಗುವುದು ಒಂದೇ. ಗಾಯದ ಕಲೆ ಕೂಡುತ್ತಾ ಹೋಗುತ್ತದೆ. ಕಲೆಗಳ ನಡುವೆ ಉಳಿದ ಜೀವಕೋಶಗಳು ಗಂಟುಗಂಟಾಗಿ ಬೆಳೆಯುತ್ತವೆ. ಮೆತ್ತಗಿದ್ದ ಲಿವರ್ ಗಟ್ಟಿಯಾಗುತ್ತದೆ. ಇದೇ ಸಿರೋಸಿಸ್.

ಜೀವಕೋಶಗಳು ಸಾಯುವುದು, ಹೊಸದು ಹುಟ್ಟುವುದು, ಮತ್ತೆ ಸಾಯುವುದು ನಡೆಯುತ್ತಲೇ ಇರುತ್ತದೆ. ಹೀಗೆ ಪ್ರತಿಸಲ ಡಿಎನ್‌ಎ ನಕಲಾಗುವಾಗ ತಪ್ಪುಗಳು ನುಸುಳುತ್ತವೆ. ಸಾಮಾನ್ಯವಾಗಿ ತುಂಬಾ ಸಲ ವಿಭಜನೆಯಾದ ಕೋಶ ಸುಸ್ತಾಗಿ ನಿಂತುಬಿಡುತ್ತದೆ. ಅದು ದೇಹಕ್ಕೆ ಇರುವ ಒಂದು ಕಾವಲು. ಟರ್ಟ್ ಎಂಬ ಜೀನ್‌ನ ಹತ್ತಿರ ಒಂದು ಸಣ್ಣ ಬದಲಾವಣೆ ಆದರೆ ಈ ಕಾವಲು ತಪ್ಪಿಹೋಗುತ್ತದೆ. ಲಿವರ್ ಕ್ಯಾನ್ಸರ್ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಬದಲಾವಣೆ ಕಾಣುತ್ತದೆ.

ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಮುಖ್ಯವಾದದ್ದು ಹೆಪಟೋಸೆಲ್ಯುಲರ್ ಕಾರ್ಸಿನೋಮಾ. ಇದು ಬಂದವರಲ್ಲಿ ಶೇ 80ರಿಂದ 90ರಷ್ಟು ಜನಕ್ಕೆ ಮೊದಲೇ ಸಿರೋಸಿಸ್ ಇರುತ್ತದೆ. ಅಂದರೆ ಯಾರನ್ನು ಕಾಯಬೇಕು ಎಂಬುದು ಬೇರೆ ಎಷ್ಟೋ ಕ್ಯಾನ್ಸರ್‌ಗಳಿಗಿಂತ ಇಲ್ಲಿ ಸ್ಪಷ್ಟವಾಗಿದೆ. ಆದರೂ ಜಗತ್ತಿನಲ್ಲಿ 2022ರಲ್ಲಿ ಸುಮಾರು 8.66 ಲಕ್ಷ ಜನರಿಗೆ ಲಿವರ್ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಅದೇ ವರ್ಷ ಸುಮಾರು 7.58 ಲಕ್ಷ ಜನ ಅದರಿಂದ ತೀರಿಕೊಂಡರು. ಈ ಎರಡು ಅಂಕಿ ಇಷ್ಟು ಹತ್ತಿರ ಇರುವುದಕ್ಕೆ ದೊಡ್ಡ ಕಾರಣ, ಬಹಳ ಮಂದಿಯಲ್ಲಿ ಕಾಯಿಲೆ ಗೊತ್ತಾಗುವುದೇ ತಡವಾಗಿ. ಸಣ್ಣ ಗಡ್ಡೆ ನೋಯುವುದಿಲ್ಲ, ಕೈಗೆ ಸಿಗುವುದಿಲ್ಲ. ತೂಕ ಇಳಿದು, ಹೊಟ್ಟೆ ಉಬ್ಬಿ, ಕಾಮಾಲೆ ಬಂದ ಮೇಲೆ ನೋಡಿದರೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಬೇಗ ಸಿಕ್ಕರೆ ಕಥೆಯೇ ಬೇರೆ. ಸಣ್ಣ ಗಡ್ಡೆಯನ್ನು ಸೂಜಿ ಚುಚ್ಚಿ ಸುಡಬಹುದು, ಕತ್ತರಿಸಿ ತೆಗೆಯಬಹುದು. ಲಿವರನ್ನೇ ಬದಲಿಸಲೂಬಹುದು. ಇಟಲಿಯ ಮಿಲಾನ್‌ನ ವೈದ್ಯರು 1996ರಲ್ಲಿ ತೋರಿಸಿಕೊಟ್ಟ ಅಳತೆ ಇವತ್ತಿಗೂ ಬಳಕೆಯಲ್ಲಿದೆ: 5 ಸೆಂಟಿಮೀಟರ್ ಒಳಗಿನ ಒಂದೇ ಗಡ್ಡೆ, ಇಲ್ಲವೇ 3 ಸೆಂಟಿಮೀಟರ್ ಒಳಗಿನ ಹೆಚ್ಚೆಂದರೆ ಮೂರು ಗಡ್ಡೆ. ಈ ಅಳತೆಯೊಳಗಿದ್ದು ಲಿವರ್ ಕಸಿ ಮಾಡಿಸಿಕೊಂಡವರಲ್ಲಿ ಶೇ 75ರಷ್ಟು ಮಂದಿ ನಾಲ್ಕು ವರ್ಷದ ನಂತರವೂ ಬದುಕಿದ್ದರು. ಗಡ್ಡೆ ಈ ಗೆರೆಯೊಳಗೆ ಇರುವಾಗಲೇ ಸಿಗಬೇಕು. ಇಡೀ ಮುನ್ಸೂಚನೆಯ ಕಸರತ್ತು ಇರುವುದು ಇದಕ್ಕಾಗಿ.

ಈಗಿರುವ ಸ್ಕ್ಯಾನ್ ಎಷ್ಟು ಹಿಡಿಯುತ್ತದೆ

ಸಿರೋಸಿಸ್ ಇರುವವರಿಗೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್, ಜೊತೆಗೆ ಎಎಫ್‌ಪಿ (ಲಿವರ್ ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಏರಬಹುದಾದ ಒಂದು ಪ್ರೋಟೀನ್) ಎಂಬ ರಕ್ತಪರೀಕ್ಷೆ. ಇದು ಸಾಮಾನ್ಯ ಪದ್ಧತಿ. ಆರು ತಿಂಗಳು ಎಂಬುದು ಸುಮ್ನೆ ಬಂದ ಅಂಕಿ ಅಲ್ಲ. ಇಂಥ ಗಡ್ಡೆಗಳು ಎರಡರಷ್ಟಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ತೆಗೆದುಕೊಳ್ಳುತ್ತವೆ. ಮೂರು ತಿಂಗಳಿಗೊಮ್ಮೆ ನೋಡಿದರೆ ಇನ್ನೂ ಒಳ್ಳೆಯದಲ್ವಾ ಎಂದು ಫ್ರಾನ್ಸ್‌ನಲ್ಲಿ ಸುಮಾರು 1,300 ಮಂದಿ ಮೇಲೆ ಪರೀಕ್ಷಿಸಿ ನೋಡಿದರು. 2011ರಲ್ಲಿ ಬಂದ ಫಲಿತಾಂಶ: ಸಣ್ಣಪುಟ್ಟ ಗಂಟುಗಳು ಜಾಸ್ತಿ ಕಂಡವು, ಸಣ್ಣ ಕ್ಯಾನ್ಸರ್‌ಗಳೇನೂ ಜಾಸ್ತಿ ಸಿಗಲಿಲ್ಲ. ಎಲ್ಲರಿಗೂ ಇನ್ನಷ್ಟು ಸ್ಕ್ಯಾನ್ ಮಾಡುವುದರಿಂದ ಲಾಭವಿಲ್ಲ ಎಂದು ತಿಳಿದದ್ದು ಹೀಗೆ.

ಇಂಥ ತಪಾಸಣೆಯಿಂದ ಜೀವ ಉಳಿಯುತ್ತದೆ ಎಂಬುದಕ್ಕೆ ಎಲ್ಲರೂ ತೋರಿಸುವ ದೊಡ್ಡ ಪ್ರಯೋಗ ಚೀನಾದ ಶಾಂಘೈನದು. ಹೆಪಟೈಟಿಸ್ ಬಿ ಇದ್ದ ಅಥವಾ ಹಿಂದೆ ಲಿವರ್ ಉರಿಯೂತ ಬಂದಿದ್ದ 18,816 ಮಂದಿಯನ್ನು 1990ರ ದಶಕದಲ್ಲಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮತ್ತು ಎಎಫ್‌ಪಿ. ಕರೆದವರಲ್ಲಿ ಶೇ 60ಕ್ಕಿಂತ ಕಡಿಮೆ ಮಂದಿ ಸರಿಯಾಗಿ ಬಂದರು. ಆದರೂ ಆ ಗುಂಪಿನಲ್ಲಿ ಲಿವರ್ ಕ್ಯಾನ್ಸರ್ ಸಾವು ಶೇ 37ರಷ್ಟು ಕಡಿಮೆಯಾಯಿತು. ಇವರೆಲ್ಲರಿಗೂ ಸಿರೋಸಿಸ್ ಇರಲಿಲ್ಲ ಎಂಬುದನ್ನು ನೆನಪಿಡಬೇಕು.

ಸಿರೋಸಿಸ್ ಇದ್ದಾಗ ಸ್ಕ್ಯಾನ್ ಕೆಲಸ ಇನ್ನೂ ಕಷ್ಟ. ಲಿವರ್ ತುಂಬಾ ಗಂಟುಗಳೇ ಇರುವಾಗ ಕ್ಯಾನ್ಸರ್ ಗಂಟು ಯಾವುದು ಎಂದು ನೋಡುವುದು ಜಲ್ಲಿ ರಾಶಿಯಲ್ಲಿ ಒಂದು ನಿರ್ದಿಷ್ಟ ಕಲ್ಲನ್ನು ಹುಡುಕಿದ ಹಾಗೆ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2018ರಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ, ಆರಂಭದ ಹಂತದ ಕ್ಯಾನ್ಸರ್‌ಗಳಲ್ಲಿ ಅಲ್ಟ್ರಾಸೌಂಡ್ ಒಂದೇ ಹಿಡಿಯುವುದು ಶೇ 47. ಎಎಫ್‌ಪಿ ಸೇರಿಸಿದರೆ ಶೇ 63. ದಪ್ಪ ಮೈಯವರಲ್ಲಿ, ಕೊಬ್ಬು ತುಂಬಿದ ಲಿವರ್ ಇರುವವರಲ್ಲಿ ಚಿತ್ರ ಇನ್ನೂ ಮಸುಕು. ಮುಂದೆ ಸಿರೋಸಿಸ್ ಜಾಸ್ತಿ ಆಗುವುದು ಇಂಥವರಲ್ಲೇ.

ಎಂಆರ್‌ಐ ಬಹಳ ಮುಂದಿದೆ. ಕೊರಿಯಾದಲ್ಲಿ 407 ಸಿರೋಸಿಸ್ ರೋಗಿಗಳಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ ಎರಡನ್ನೂ ಮಾಡಿದರು. ಒಟ್ಟು 43 ಮಂದಿಗೆ ಕ್ಯಾನ್ಸರ್ ಬಂತು. ಎಂಆರ್‌ಐ 37 ಮಂದಿಯಲ್ಲಿ ಹಿಡಿಯಿತು, ಅಲ್ಟ್ರಾಸೌಂಡ್ 12 ಮಂದಿಯಲ್ಲಿ. ಇಷ್ಟು ವ್ಯತ್ಯಾಸ ಇದ್ದರೆ ಎಲ್ಲರಿಗೂ ಎಂಆರ್‌ಐ ಯಾಕೆ ಮಾಡಬಾರದು? ಖರ್ಚು ಹಲವು ಪಟ್ಟು. ಯಂತ್ರಗಳು ಕಡಿಮೆ, ಓದಬಲ್ಲ ತಜ್ಞರು ಇನ್ನೂ ಕಡಿಮೆ. ಆ ಅಧ್ಯಯನಕ್ಕೆ ಸೇರಿಸಿಕೊಂಡದ್ದೂ ಸಿಕ್ಕ ಸಿಕ್ಕ ರೋಗಿಗಳನ್ನಲ್ಲ. ವರ್ಷಕ್ಕೆ ಶೇ 5ಕ್ಕಿಂತ ಜಾಸ್ತಿ ಅಪಾಯವಿದೆ ಎಂದು ಲೆಕ್ಕದಲ್ಲಿ ಬಂದವರನ್ನು ಮಾತ್ರ. ದುಬಾರಿ ಪರೀಕ್ಷೆ ಯಾರಿಗೆ ಸಲ್ಲಬೇಕು ಎಂದು ಆರಿಸಲು ಅಪಾಯದ ಲೆಕ್ಕ ಬೇಕೇ ಬೇಕು.

ಲೆಕ್ಕ ಹೇಗೆ ಮಾಡುತ್ತಾರೆ

ಮೊದಲ ವಿಂಗಡಣೆ ಕಾರಣದ ಮೇಲೆ. ಚಿಕಿತ್ಸೆ ಇಲ್ಲದ ಹೆಪಟೈಟಿಸ್ ಸಿ ಸಿರೋಸಿಸ್‌ನಲ್ಲಿ ನೂರು ಜನರಲ್ಲಿ ವರ್ಷಕ್ಕೆ ಸುಮಾರು 3ರಿಂದ 5 ಮಂದಿಗೆ ಕ್ಯಾನ್ಸರ್ ಬರುತ್ತದೆ. ಹೆಪಟೈಟಿಸ್ ಬಿ ಇದ್ದರೆ 2ರಿಂದ 5. ಮದ್ಯದಿಂದಲೋ ಫ್ಯಾಟಿ ಲಿವರ್‌ನಿಂದಲೋ ಆದ ಸಿರೋಸಿಸ್‌ನಲ್ಲಿ 1ರಿಂದ 2ರ ಆಸುಪಾಸು. ವರ್ಷಕ್ಕೆ 2 ಎಂದರೆ ಕಡಿಮೆ ಅನ್ನಿಸಬಹುದು. ಹಾಗೇ ಹತ್ತು ವರ್ಷ ಮುಂದುವರಿದರೆ ನೂರರಲ್ಲಿ 18 ಮಂದಿ ಆಗುತ್ತಾರೆ.

ಆಮೇಲೆ ವ್ಯಕ್ತಿಯ ಲೆಕ್ಕ. ವಯಸ್ಸು ಏರಿದಂತೆ ಅಪಾಯ ಏರುತ್ತದೆ. ಗಂಡಸರಿಗೆ ಹೆಂಗಸರಿಗಿಂತ ಎರಡರಿಂದ ಮೂರು ಪಟ್ಟು ಜಾಸ್ತಿ. ಸಕ್ಕರೆ ಕಾಯಿಲೆ ಇದ್ದರೆ ಸುಮಾರು ಎರಡು ಪಟ್ಟು. ಮನೆಯಲ್ಲಿ ಇನ್ನೊಬ್ಬರಿಗೆ ಲಿವರ್ ಕ್ಯಾನ್ಸರ್ ಆಗಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಇವುಗಳ ಜೊತೆ ಪ್ಲೇಟ್‌ಲೆಟ್ ಸಂಖ್ಯೆ. ಡೆಂಗಿ ಬಂದಾಗ ಎಲ್ಲರ ಬಾಯಲ್ಲೂ ಇರುವ ಇದೇ ಪ್ಲೇಟ್‌ಲೆಟ್ ಲಿವರ್ ಬಗ್ಗೆಯೂ ಬಹಳ ಹೇಳುತ್ತದೆ. ಲಿವರ್ ಗಟ್ಟಿಯಾದಾಗ ಅದರ ಮೂಲಕ ಹೋಗಬೇಕಾದ ರಕ್ತ ಹಿಂದಕ್ಕೆ ಒತ್ತುತ್ತದೆ. ಗುಲ್ಮ ಊದಿಕೊಳ್ಳುತ್ತದೆ. ಊದಿದ ಗುಲ್ಮ ಪ್ಲೇಟ್‌ಲೆಟ್‌ಗಳನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಪ್ಲೇಟ್‌ಲೆಟ್ ಬೆಳೆಯಲು ಬೇಕಾದ ಹಾರ್ಮೋನನ್ನು ಮಾಡುವುದೂ ಮುಖ್ಯವಾಗಿ ಲಿವರೇ, ಅದೂ ಕುಗ್ಗುತ್ತದೆ. ಹಾಗಾಗಿ ಪ್ಲೇಟ್‌ಲೆಟ್ ಎಷ್ಟು ಇಳಿದಿದೆ ಎಂಬುದು ಸಿರೋಸಿಸ್ ಎಷ್ಟು ಮುಂದುವರಿದಿದೆ ಎಂಬುದರ ಗುರುತು.

2016ರಲ್ಲಿ ಬಂದ ಪೇಜ್-ಬಿ ಎಂಬ ಲೆಕ್ಕ ವಯಸ್ಸು, ಗಂಡು-ಹೆಣ್ಣು, ಪ್ಲೇಟ್‌ಲೆಟ್ ಈ ಮೂರರ ಮೇಲೇ ನಿಂತಿದೆ. ಅದು ಔಷಧಿಯಲ್ಲಿರುವ ಹೆಪಟೈಟಿಸ್ ಬಿ ರೋಗಿಗಳಿಗಾಗಿ ಮಾಡಿದ್ದು. ಟೊರಾಂಟೊದ ವೈದ್ಯರು 2018ರಲ್ಲಿ ಸಿರೋಸಿಸ್ ಇರುವವರಿಗೆಂದೇ ಒಂದು ಸೂಚ್ಯಂಕ ಕೊಟ್ಟರು. ಅದರಲ್ಲಿ ಈ ಮೂರರ ಜೊತೆ ಸಿರೋಸಿಸ್‌ಗೆ ಕಾರಣವೇನು ಎಂಬುದೂ ಸೇರುತ್ತದೆ. ಇನ್ನೊಂದು, 2020ರಲ್ಲಿ ಚೀನಾದ ಗುವಾಂಗ್‌ಝೌ ತಂಡ ಮುಂದೆ ನಿಂತು ಮಾಡಿದ ಎ-ಮ್ಯಾಪ್. ಇದಕ್ಕೆ ಬೇಕಾದದ್ದು ಐದೇ ಸಂಗತಿ: ವಯಸ್ಸು, ಗಂಡು-ಹೆಣ್ಣು, ಆಲ್ಬುಮಿನ್ (ಲಿವರ್ ತಯಾರಿಸುವ ಪ್ರೋಟೀನ್), ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ವಸ್ತು), ಪ್ಲೇಟ್‌ಲೆಟ್. ತಾಲ್ಲೂಕು ಮಟ್ಟದ ಲ್ಯಾಬ್‌ನಲ್ಲೂ ಆಗುವ ಪರೀಕ್ಷೆಗಳು ಇವು. ಉತ್ತರ 0ರಿಂದ 100ರವರೆಗಿನ ಒಂದು ಅಂಕ. 50ಕ್ಕಿಂತ ಕಡಿಮೆ ಬಂದವರಲ್ಲಿ ಮೂರರಿಂದ ಐದು ವರ್ಷದಲ್ಲಿ ಕ್ಯಾನ್ಸರ್ ಬಂದದ್ದು ಶೇ 0ರಿಂದ 0.8. 50ರಿಂದ 60ರವರಲ್ಲಿ ಶೇ 1.5ರಿಂದ 4.8. 60 ದಾಟಿದವರಲ್ಲಿ ಶೇ 8.1ರಿಂದ 19.9.

ನಾನು ಕಲ್ಪಿಸಿಕೊಂಡ ಇಬ್ಬರು ರೋಗಿಗಳನ್ನು ಈ ಸೂತ್ರಕ್ಕೆ ಹಾಕಿ ನೋಡಿದೆ. ಒಬ್ಬರು 58 ವರ್ಷದ ಗಂಡಸು. ಬಿಲಿರುಬಿನ್ 1.2, ಆಲ್ಬುಮಿನ್ 3.5, ಪ್ಲೇಟ್‌ಲೆಟ್ 90 ಸಾವಿರ. ಅಂಕ ಸುಮಾರು 67 ಬಂತು. ಇನ್ನೊಬ್ಬರು 42 ವರ್ಷದ ಹೆಂಗಸು. ಬಿಲಿರುಬಿನ್ 0.8, ಆಲ್ಬುಮಿನ್ 4.2, ಪ್ಲೇಟ್‌ಲೆಟ್ 1.7 ಲಕ್ಷ. ಅಂಕ ಸುಮಾರು 46. ಮೊದಲನೆಯವರ ರಿಪೋರ್ಟನ್ನು ಒಮ್ಮೆ ನೋಡಿ. ಬಿಲಿರುಬಿನ್ ಎಲ್ಲೋ ಒಂಚೂರು ಜಾಸ್ತಿ, ಆಲ್ಬುಮಿನ್ ಎಲ್ಲೋ ಗಡಿಯಲ್ಲಿ. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಪ್ಲೇಟ್‌ಲೆಟ್ ಬಿಟ್ಟು ಯಾವುದೂ ಹೆದರಿಸುವುದಿಲ್ಲ. ಹೊಟ್ಟೆಯಲ್ಲಿ ನೀರಿಲ್ಲ, ಕಣ್ಣು ಹಳದಿಯಾಗಿಲ್ಲ, ಮನುಷ್ಯ ಓಡಾಡಿಕೊಂಡಿದ್ದಾನೆ. ‘ಆರಾಮಾಗಿದೀನಿ, ಸ್ಕ್ಯಾನ್ ಯಾಕೆ’ ಎಂದು ಎರಡು ಸಲ ತಪ್ಪಿಸಿಬಿಡುವುದು ಇಂಥವರೇ. ಐದನ್ನೂ ಕೂಡಿಸಿ ನೋಡಿದಾಗ ಮಾತ್ರ ಇವರು ಮೇಲಿನ ಗುಂಪಿನಲ್ಲಿದ್ದಾರೆ ಎಂದು ಕಾಣುತ್ತದೆ. ನನ್ನ ಮಟ್ಟಿಗೆ ಈ ಲೆಕ್ಕದ ದೊಡ್ಡ ಉಪಯೋಗ ಇದೇ.

ಅಂಕಕ್ಕೆ ಎಷ್ಟು ಬೆಲೆ ಕೊಡಬೇಕು

67 ಬಂತು ಎಂದರೆ ಕ್ಯಾನ್ಸರ್ ಬಂತು ಎಂದಲ್ಲ. ಮೇಲಿನ ಗುಂಪಿನ ಅತಿ ಕೆಟ್ಟ ಲೆಕ್ಕವನ್ನೇ ತೆಗೆದುಕೊಂಡರೂ ಐದು ವರ್ಷದಲ್ಲಿ ನೂರರಲ್ಲಿ 80 ಮಂದಿಗೆ ಕ್ಯಾನ್ಸರ್ ಬರುವುದಿಲ್ಲ. ಇದನ್ನು ರೋಗಿಗೆ ಹೇಳುವ ರೀತಿ ಬಹಳ ಮುಖ್ಯ. ‘ನೀವು ಹೈ ರಿಸ್ಕ್’ ಎಂದಷ್ಟೇ ಹೇಳಿ ಕಳಿಸಿದರೆ ಆ ಮನೆಯವರು ನಿದ್ದೆ ಬಿಡುತ್ತಾರೆ. ‘ನಿಮ್ಮಂಥ ನೂರು ಜನರಲ್ಲಿ ಹತ್ತಿಪ್ಪತ್ತು ಮಂದಿಗೆ ಬರಬಹುದು, ಬಂದರೂ ಸಣ್ಣದಿದ್ದಾಗಲೇ ಹಿಡಿಯೋಣ’ ಎಂದರೆ ಅವರು ಮುಂದಿನ ಸ್ಕ್ಯಾನ್‌ಗೆ ಬರುತ್ತಾರೆ.

ಇನ್ನೊಂದು ಪ್ರಶ್ನೆ ನನ್ನನ್ನು ಜಾಸ್ತಿ ಕಾಡುತ್ತದೆ. ಈ ಅಂಕ ಯಾರನ್ನು ನೋಡಿ ಕಲಿತದ್ದು? ಎ-ಮ್ಯಾಪ್ ಅಧ್ಯಯನದಲ್ಲಿ 17,374 ಮಂದಿ ಇದ್ದರು. ಅವರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಚಿಕಿತ್ಸೆಯಲ್ಲಿದ್ದ ಹೆಪಟೈಟಿಸ್ ಬಿ ರೋಗಿಗಳು. ಮೂರೂವರೆ ಸಾವಿರ ಮಂದಿ ಹೆಪಟೈಟಿಸ್ ಸಿ. ವೈರಸ್ ಅಲ್ಲದ ಕಾರಣದವರು 720 ಮಾತ್ರ. ಎಲ್ಲರಿಗೂ ಸಿರೋಸಿಸ್ ಇರಲಿಲ್ಲ. ನಮ್ಮ ಆಸ್ಪತ್ರೆಗಳಿಗೆ ಈಗ ಬರುವ ಸಿರೋಸಿಸ್‌ನಲ್ಲಿ ಮದ್ಯ ಮತ್ತು ಫ್ಯಾಟಿ ಲಿವರ್ ಪಾಲು ದೊಡ್ಡದು. ಗುವಾಂಗ್‌ಝೌದ ವೈರಸ್ ರೋಗಿಗಳ ಮೇಲೆ ಚೆನ್ನಾಗಿ ಕೂತ ಅಂಕ, ಹಾವೇರಿಯ ಸಕ್ಕರೆ ಕಾಯಿಲೆಯ ರೈತನಿಗೆ ಅಷ್ಟೇ ಚೆನ್ನಾಗಿ ಕೂರುತ್ತದೆ ಎಂದು ಕಣ್ಣುಮುಚ್ಚಿ ನಂಬುವಂತಿಲ್ಲ. ಇಬ್ಬರಲ್ಲಿ ಯಾರಿಗೆ ಜಾಸ್ತಿ ಅಪಾಯ ಎಂಬ ಸಾಲು ಬಹುಶಃ ಸರಿಯಾಗೇ ಬರುತ್ತದೆ. ನೂರಕ್ಕೆ ಎಷ್ಟು ಎಂಬ ಅಂಕಿ ಇಲ್ಲಿಯದೇ ರೋಗಿಗಳ ಮೇಲೆ ತಾಳೆ ನೋಡಬೇಕು. ‘50ಕ್ಕಿಂತ ಕಡಿಮೆ ಬಂದಿದೆ, ಸ್ಕ್ಯಾನ್ ಬಿಡಿ’ ಎಂದು ಸಿರೋಸಿಸ್ ರೋಗಿಗೆ ಹೇಳಲು ಇನ್ನೂ ಕಾಲ ಬಂದಿಲ್ಲ ಎಂದು ನಾನು ಹೇಳುವುದು ಇದಕ್ಕೇ.

ಲೆಕ್ಕ ಕೈಕೊಡುವ ಇನ್ನೊಂದು ಗುಂಪು ಇದೆ. ಸಿರೋಸಿಸ್ ತೀರಾ ಮುಂದುವರಿದವರು. ಅವರ ಅಂಕ ಯಾವಾಗಲೂ ಮೇಲೇ ಇರುತ್ತದೆ. ಆದರೆ ಲಿವರ್ ತೀರಾ ಸೋತಿದ್ದು, ಕಸಿಯೂ ಸಾಧ್ಯವಿಲ್ಲದಿದ್ದರೆ, ಗಡ್ಡೆ ಹಿಡಿದೂ ಆಯಸ್ಸು ಹೆಚ್ಚುವುದಿಲ್ಲ. ಅಂಥವರನ್ನು ಸ್ಕ್ಯಾನ್‌ನಿಂದ ಸ್ಕ್ಯಾನ್‌ಗೆ ಓಡಿಸುವುದು ಹಿಂಸೆ. ಕಸಿಯ ಪಟ್ಟಿಯಲ್ಲಿರುವವರಿಗೆ ಮಾತ್ರ ಈ ಹಂತದಲ್ಲಿ ತಪಾಸಣೆ ಮುಂದುವರಿಸುವುದು ಪದ್ಧತಿ. ನಮ್ಮ ರಾಜ್ಯದಲ್ಲಿ ಮೃತ ದಾನಿಗಳ ಅಂಗ ಹಂಚುವುದನ್ನು ಜೀವಸಾರ್ಥಕತೆ ಸಂಸ್ಥೆ ನೋಡಿಕೊಳ್ಳುತ್ತದೆ. ಆ ಪಟ್ಟಿಗೆ ಸೇರುವ ಮಾತು ಲಿವರ್ ಪೂರ್ತಿ ಸೋಲುವ ಮೊದಲೇ ನಡೆಯಬೇಕು.

ಕಂಪ್ಯೂಟರ್ ಮತ್ತು ಜೀನ್

ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಹೆಪಟೈಟಿಸ್ ಸಿ ಸಿರೋಸಿಸ್ ಇದ್ದ 48,151 ಮಂದಿಯ ದಾಖಲೆಗಳನ್ನು ಕಂಪ್ಯೂಟರ್‌ಗೆ ಕಲಿಸಿದ ಅಧ್ಯಯನ 2020ರಲ್ಲಿ ಬಂತು. ಒಂದು ದಿನದ ರಿಪೋರ್ಟ್ ಅಲ್ಲ, ವರ್ಷವರ್ಷದ ರಿಪೋರ್ಟ್‌ಗಳು ಹೇಗೆ ಬದಲಾದವು ಎಂಬುದನ್ನು ಅದು ನೋಡುತ್ತದೆ. ಮುಂದೆ ಕ್ಯಾನ್ಸರ್ ಬಂದ ಒಬ್ಬರು, ಬಾರದ ಒಬ್ಬರು, ಹೀಗೆ ಜೋಡಿ ತೆಗೆದರೆ ನೂರು ಜೋಡಿಗಳಲ್ಲಿ 76ರಲ್ಲಿ ಅದು ಸರಿಯಾದವರಿಗೆ ಹೆಚ್ಚು ಅಪಾಯ ಎಂದಿತು. ಹಳೆಯ ಬಗೆಯ ಲೆಕ್ಕ 69ರಲ್ಲಿ ಸರಿ ಹೇಳಿತ್ತು. ನಾಣ್ಯ ಚಿಮ್ಮಿದರೂ 50 ಸರಿ ಬರುತ್ತದೆ. ಮುಂದೆ ಹೋಗಿದೆ ನಿಜ, ಪತ್ರಿಕೆಗಳ ತಲೆಬರಹ ಹೇಳುವಷ್ಟೇನೂ ಅಲ್ಲ.

ಜೀನ್ ಕಡೆ ಹೆಚ್ಚು ಗೊತ್ತಿರುವುದು ಪಿಎನ್‌ಪಿಎಲ್‌ಎ3. 2008ರಲ್ಲಿ ಫ್ಯಾಟಿ ಲಿವರ್ ಜೊತೆ ಇದರ ಒಂದು ರೂಪಕ್ಕೆ ನಂಟಿದೆ ಎಂದು ಗೊತ್ತಾಯಿತು. ಆ ರೂಪ ಇರುವವರಲ್ಲಿ ಲಿವರ್‌ನ ಕೊಬ್ಬು ಸುಲಭವಾಗಿ ಕರಗುವುದಿಲ್ಲ. ಮದ್ಯ ಮತ್ತು ಕೊಬ್ಬಿನಿಂದ ಆಗುವ ಸಿರೋಸಿಸ್, ಕ್ಯಾನ್ಸರ್ ಎರಡೂ ಹೆಚ್ಚುತ್ತವೆ. ಆದರೆ ವಯಸ್ಸು, ಪ್ಲೇಟ್‌ಲೆಟ್ ಈಗಾಗಲೇ ಹೇಳಿದ್ದಕ್ಕೆ ಜೀನ್ ಸೇರಿಸಿ ಸಿಗುವ ಲಾಭ ಸದ್ಯಕ್ಕೆ ಸಣ್ಣದು. ಆ ದುಡ್ಡಿಗೆ ಎರಡು ಮೂರು ಸ್ಕ್ಯಾನ್ ಆಗುವುದಾದರೆ ಸ್ಕ್ಯಾನೇ ಮೇಲು.

ಗ್ಯಾಲಾಡ್ ಎಂಬ ಅಂಕ ಸ್ವಲ್ಪ ಬೇರೆ ಜಾತಿಯದು. ವಯಸ್ಸು, ಗಂಡು-ಹೆಣ್ಣು, ಜೊತೆಗೆ ಎಎಫ್‌ಪಿ ಸೇರಿ ಮೂರು ರಕ್ತದ ಗುರುತುಗಳು. ಮುಂದೆ ಬರುತ್ತದಾ ಎನ್ನುವುದಕ್ಕಿಂತ, ಈಗಾಗಲೇ ಸಣ್ಣದೊಂದು ಗಡ್ಡೆ ಅಡಗಿದೆಯಾ ಎಂದು ಅದು ಹೇಳುತ್ತದೆ. ಸ್ಕ್ಯಾನ್ ಬದಲು ಇದನ್ನೇ ಬಳಸಬಹುದೇ ಎಂದು ಅಮೆರಿಕದಲ್ಲಿ ಸುಮಾರು 5,500 ಸಿರೋಸಿಸ್ ರೋಗಿಗಳ ಮೇಲೆ ದೊಡ್ಡ ಪ್ರಯೋಗ ಶುರುವಾಗಿದೆ. ಅಲ್ಲೇ ಇನ್ನೊಂದು ಪ್ರಯೋಗದಲ್ಲಿ, ಲೆಕ್ಕದಲ್ಲಿ ಅಪಾಯ ಜಾಸ್ತಿ ಬಂದ ಮಾಜಿ ಸೈನಿಕರಿಗೆ ಅಲ್ಟ್ರಾಸೌಂಡ್ ಮತ್ತು ಚಿಕ್ಕದು ಮಾಡಿದ ಎಂಆರ್‌ಐ ಎರಡನ್ನೂ ಹೋಲಿಸಿ, ಯಾವುದರಿಂದ ಸಾವು ಕಡಿಮೆಯಾಗುತ್ತದೆ ಎಂದು ನೋಡುತ್ತಿದ್ದಾರೆ. ಅಪಾಯದ ಲೆಕ್ಕದಿಂದ ನಿಜವಾಗಿ ಜೀವ ಉಳಿಯುತ್ತದಾ ಎಂಬುದಕ್ಕೆ ಗಟ್ಟಿ ಉತ್ತರ ಸಿಗುವುದು ಇಂಥ ಪ್ರಯೋಗಗಳಿಂದಲೇ.

ಸಾಲಿನಲ್ಲೇ ಇಲ್ಲದವರು

ಇಷ್ಟೆಲ್ಲ ಲೆಕ್ಕವೂ ಸಿರೋಸಿಸ್ ಇದೆ ಎಂದು ಗೊತ್ತಿರುವವರಿಗೆ ಮಾತ್ರ. ನಮ್ಮಲ್ಲಿ ದೊಡ್ಡ ತೊಂದರೆ ಇರುವುದು ಅದಕ್ಕಿಂತ ಒಂದು ಹೆಜ್ಜೆ ಹಿಂದೆ. ಎಷ್ಟೋ ಮಂದಿಗೆ ಸಿರೋಸಿಸ್ ಮತ್ತು ಕ್ಯಾನ್ಸರ್ ಎರಡೂ ಒಂದೇ ದಿನ ಗೊತ್ತಾಗುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಕೊಟ್ಟ ವರದಿಯಂತೆ ಭಾರತದಲ್ಲಿ ಸುಮಾರು 2.98 ಕೋಟಿ ಜನರಿಗೆ ಹೆಪಟೈಟಿಸ್ ಬಿ, 55 ಲಕ್ಷ ಜನರಿಗೆ ಹೆಪಟೈಟಿಸ್ ಸಿ ಇದೆ. ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ. ಹೆಪಟೈಟಿಸ್ ಬಿ ಲಸಿಕೆ ದೇಶದ ಎಲ್ಲ ಮಕ್ಕಳಿಗೂ ಸಿಗತೊಡಗಿದ್ದು 2011ರ ಹೊತ್ತಿಗೆ. ತೈವಾನ್ 1984ರಲ್ಲೇ ಶುರು ಮಾಡಿತ್ತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಅರ್ಧಕ್ಕೆ ಇಳಿಯಿತು. ನಮ್ಮಲ್ಲಿ ಈಗ ಮೂವತ್ತು, ನಲವತ್ತು, ಐವತ್ತರಲ್ಲಿ ಇರುವವರು ಹೆಚ್ಚಾಗಿ ಲಸಿಕೆ ಇಲ್ಲದೆ ಬೆಳೆದವರು. ಅವರು ಕ್ಯಾನ್ಸರ್ ಬರುವ ವಯಸ್ಸಿನ ಕಡೆ ಸಾಗುತ್ತಿದ್ದಾರೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಪರೀಕ್ಷೆ ಮತ್ತು ಔಷಧಿ ಎರಡೂ ಉಚಿತ. ಹೆಪಟೈಟಿಸ್ ಸಿ ವಾಸಿಯಾದರೆ ಕ್ಯಾನ್ಸರ್ ಅಪಾಯ ಸುಮಾರು ಶೇ 70ರಷ್ಟು ಇಳಿಯುತ್ತದೆ. ಇಳಿಯುತ್ತದೆ ಅಷ್ಟೇ, ಹೋಗುವುದಿಲ್ಲ. ವೈರಸ್ ಹೋದರೂ ಸಿರೋಸಿಸ್ ಇದ್ದವರಿಗೆ ಸ್ಕ್ಯಾನ್ ಮುಂದುವರಿಯಬೇಕು. ‘ವಾಸಿಯಾಯ್ತಲ್ಲ’ ಎಂದು ನಿಲ್ಲಿಸಿಬಿಡುವವರು ಬಹಳ.

ಇನ್ನು ಸಕ್ಕರೆ ಕಾಯಿಲೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಬೆಂಬಲದ ಅಧ್ಯಯನ 2023ರಲ್ಲಿ ಹೇಳಿದಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಇದೆ. ಇವರಲ್ಲಿ ಬಹಳ ಮಂದಿಗೆ ಫ್ಯಾಟಿ ಲಿವರ್ ಇರುತ್ತದೆ, ಒಂದು ಪಾಲಿಗೆ ಲಿವರ್ ಆಗಲೇ ಗಟ್ಟಿಯಾಗಿರುತ್ತದೆ. ಕುಡಿಯುವವರಲ್ಲದ ಕಾರಣ ಇವರ ಲಿವರ್ ಬಗ್ಗೆ ಯಾರಿಗೂ ಅನುಮಾನವೇ ಬರುವುದಿಲ್ಲ. ಕೇಂದ್ರ ಸರ್ಕಾರ 2021ರ ಫೆಬ್ರುವರಿಯಲ್ಲಿ ಫ್ಯಾಟಿ ಲಿವರನ್ನು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್ ತಡೆಯುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಸರಿಯಾದ ಹೆಜ್ಜೆ. ಸಕ್ಕರೆ ಪರೀಕ್ಷೆಗೆ ಬಂದವರ ರಕ್ತದಲ್ಲೇ ಎಎಸ್‌ಟಿ, ಎಎಲ್‌ಟಿ ಎಂಬ ಲಿವರ್ ಕಿಣ್ವಗಳು, ಪ್ಲೇಟ್‌ಲೆಟ್ ನೋಡಿ, ವಯಸ್ಸು ಸೇರಿಸಿದರೆ ಫಿಬ್-4 ಎಂಬ ಅಂಕ ಸಿಗುತ್ತದೆ. 1.3ಕ್ಕಿಂತ ಕಡಿಮೆ ಇದ್ದರೆ ಸದ್ಯಕ್ಕೆ ನೆಮ್ಮದಿ. 2.67 ದಾಟಿದರೆ ಲಿವರ್ ತಜ್ಞರ ಹತ್ತಿರ ಹೋಗಲೇಬೇಕು. ಮೊಬೈಲ್‌ನಲ್ಲಿ ಅರ್ಧ ನಿಮಿಷದ ಕೆಲಸ ಇದು. ಜಿಲ್ಲಾ ಆಸ್ಪತ್ರೆಯ ಸಕ್ಕರೆ ಕಾಯಿಲೆ ವಿಭಾಗದಲ್ಲಿ ಫಿಬ್-4 ಕಡ್ಡಾಯವಾದರೆ, ಯಾವ ಜೀನ್ ಪರೀಕ್ಷೆಯೂ ಉಳಿಸದಷ್ಟು ಜೀವ ಉಳಿಯುತ್ತದೆ ಎಂದು ನಾನು ನಂಬಿದ್ದೇನೆ.

ಕಾಮಾಲೆಗೆ ನಾಟಿ ಔಷಧಿ ಕುಡಿದು ‘ವಾಸಿಯಾಯ್ತು’ ಎಂದು ಮನೆಗೆ ಹೋಗುವ ರೂಢಿಯೂ ನಮ್ಮ ಊರುಗಳಲ್ಲಿ ಗಟ್ಟಿಯಾಗಿದೆ. ಹೆಪಟೈಟಿಸ್ ಎ, ಇ ಇಂದ ಬಂದ ಕಾಮಾಲೆ ಹೆಚ್ಚಾಗಿ ತಾನಾಗೇ ಹೋಗುತ್ತದೆ, ಹೆಸರು ಔಷಧಿಗೆ ಬರುತ್ತದೆ. ಬಿ ಅಥವಾ ಸಿ ಆಗಿದ್ದರೆ ಹಳದಿ ಹೋದ ಮೇಲೂ ವೈರಸ್ ಒಳಗೆ ಕೂತಿರಬಹುದು. ಕಾಮಾಲೆ ಬಂದ ಪ್ರತಿಯೊಬ್ಬರಿಗೂ ಬಿ, ಸಿ ಪರೀಕ್ಷೆ ಒಂದಾದರೂ ಆಗಲೇಬೇಕು.

ಕಾಫಿ ನಾಡಿನವರಿಗೆ ಒಂದು ಸಣ್ಣ ಸುದ್ದಿ. ದಿನಕ್ಕೆ ಎರಡು ಲೋಟ ಕಾಫಿ ಹೆಚ್ಚು ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಸುಮಾರು ಶೇ 35 ಕಡಿಮೆ ಎಂದು ಹಲವು ಅಧ್ಯಯನಗಳನ್ನು ಸೇರಿಸಿದ ವಿಶ್ಲೇಷಣೆ 2017ರಲ್ಲಿ ಹೇಳಿತು. ಇದು ಜನರನ್ನು ಗಮನಿಸಿ ಕಂಡದ್ದು, ಪ್ರಯೋಗ ಮಾಡಿ ತೋರಿಸಿದ್ದಲ್ಲ. ಸಕ್ಕರೆ ಸುರಿದ ಕಾಫಿಗೆ ಇದು ಪರವಾನಗಿಯೂ ಅಲ್ಲ. ಲಿವರ್ ಕಾಯಿಲೆ ಇರುವವರು ಕಾಫಿ ಬಿಡಬೇಕು ಎಂದು ಹೆದರಿಸುವವರಿಗೆ ಇದನ್ನು ಹೇಳಬಹುದು ಅಷ್ಟೇ.

ಮನೆಯಲ್ಲಿ ಸಿರೋಸಿಸ್ ರೋಗಿ ಇದ್ದರೆ

ಆರು ತಿಂಗಳ ಸ್ಕ್ಯಾನ್ ತಪ್ಪಬಾರದು, ಎಎಫ್‌ಪಿ ಜೊತೆಗಿರಲಿ. ಸ್ಕ್ಯಾನ್ ರಿಪೋರ್ಟ್‌ನಲ್ಲಿ ಲಿವರ್ ಪೂರ್ತಿ ಕಂಡಿತೇ ಎಂದು ಕೇಳಿ. ‘ಸರಿಯಾಗಿ ಕಾಣಲಿಲ್ಲ’ ಎಂದಿದ್ದರೆ ಗಡ್ಡೆ ಇಲ್ಲ ಎಂದು ಅರ್ಥವಲ್ಲ. ಅಂಥವರ ಅಪಾಯದ ಅಂಕವೂ ಮೇಲಿದ್ದರೆ ಸಿಟಿ ಅಥವಾ ಎಂಆರ್‌ಐ ಬೇಕೇ ಎಂದು ಕೇಳುವ ಹಕ್ಕು ನಿಮಗಿದೆ. ಎ-ಮ್ಯಾಪ್ ಅಂಕ ಎಷ್ಟು ಎಂದು ಡಾಕ್ಟರನ್ನೇ ಕೇಳಿ. ನೀವೇ ಇಂಟರ್ನೆಟ್‌ನಲ್ಲಿ ಹಾಕಿ ನೋಡಿ ಒಬ್ಬರೇ ಹೆದರಬೇಡಿ, ಒಬ್ಬರೇ ಸಮಾಧಾನವನ್ನೂ ಮಾಡಿಕೊಳ್ಳಬೇಡಿ. ಮದ್ಯ ಪೂರ್ತಿ ಬಿಡುವುದು, ವೈರಸ್‌ಗೆ ಔಷಧಿ ತೆಗೆದುಕೊಳ್ಳುವುದು, ಸಕ್ಕರೆ ಮತ್ತು ತೂಕ ಹಿಡಿತದಲ್ಲಿಡುವುದು, ಇವು ಅಪಾಯವನ್ನೇ ಇಳಿಸುತ್ತವೆ. ಬೂಷ್ಟು ಹಿಡಿದ ಶೇಂಗಾ, ಮೆಕ್ಕೆಜೋಳ ತಿನ್ನಬೇಡಿ. ಆ ಬೂಷ್ಟಿನ ಅಫ್ಲಾಟಾಕ್ಸಿನ್ ವಿಷವೂ ಹೆಪಟೈಟಿಸ್ ಬಿಯೂ ಒಟ್ಟಿಗೆ ಸೇರಿದರೆ ಅಪಾಯ ಎರಡೂ ಇಲ್ಲದವರಿಗಿಂತ ಸುಮಾರು 60 ಪಟ್ಟು ಎಂದು ಶಾಂಘೈನ ಅಧ್ಯಯನವೊಂದು ಕಂಡಿತ್ತು.

ಹಳೆಯ ರಿಪೋರ್ಟ್‌ಗಳನ್ನು ಎಸೆಯಬೇಡಿ. ಎರಡು ವರ್ಷದ ಹಿಂದೆ ಪ್ಲೇಟ್‌ಲೆಟ್ 1.4 ಲಕ್ಷ ಇದ್ದು ಈಗ 90 ಸಾವಿರ ಆಗಿದ್ದರೆ, ಎಎಫ್‌ಪಿ 6ರಿಂದ 11, 11ರಿಂದ 18 ಎಂದು ಏರುತ್ತಿದ್ದರೆ, ಇವತ್ತಿನ ಒಂದೇ ಹಾಳೆಯಲ್ಲಿ ಅದು ಕಾಣುವುದಿಲ್ಲ. ತಾರೀಖಿನ ಪ್ರಕಾರ ಜೋಡಿಸಿದ ಫೈಲ್‌ನಲ್ಲಿ ಕಾಣುತ್ತದೆ. ಬೇರೆ ಬೇರೆ ಆಸ್ಪತ್ರೆಗೆ ಹೋಗುವಾಗ ಅದು ಜೊತೆಯಲ್ಲಿರಲಿ. ಹೊಸ ಡಾಕ್ಟರ್ ಮೊದಲು ತಿರುವಿ ನೋಡಬೇಕಾದದ್ದು ಅದನ್ನೇ.